ಜೀಪಿನ ಕೀ ವಿಚಾರ

ಪುಟ್ಟಿ,

ಫೋನ್ ಮಾಡಿದರೆ ನೀನು ತೆಗೆಯುತ್ತಿಲ್ಲ. ಮೆಸೇಜ್ ಹಾಕೋಣ ಅಂದರೆ ಹೆಬ್ಬೆರಳು ಒಂದೇ ಅಕ್ಷರವನ್ನು ಮೂರು ಸಲ ಒತ್ತುತ್ತದೆ. ಅದಕ್ಕೇ ಕಾಗದ. ಸಾಲು ಮುಗಿಯುವ ಹೊತ್ತಿಗೆ ಅಕ್ಷರ ಇರುವೆಯಷ್ಟು ಆಗುತ್ತದೆ. ಅದೂ ಈ ಪಾರ್ಕಿನ್‌ಸನ್ ಕಾಯಿಲೆಯ ಕೆಲಸ, ಕಾಗದ ಉಳಿಸುವ ಜಿಪುಣತನ ಅಲ್ಲ.

ಆಳುಗಳ ಎದುರಿಗೆ ನಿನ್ನ ಮೇಲೆ ಕೂಗಾಡಿದ್ದು ನನ್ನ ತಪ್ಪು. ಕೀ ಬಚ್ಚಿಟ್ಟದ್ದು ನಿನ್ನ ತಪ್ಪು. ಕೇಳಿದ್ದರೆ ಕೊಡುತ್ತಿದ್ದೆ. ಇಲ್ಲ, ಕೊಡುತ್ತಿರಲಿಲ್ಲ.

ಕೈ ನಡುಗುತ್ತದೆ, ಜೀಪ್ ಬೇಡ ಅಂದೆ ನೀನು. ನಡುಕದಿಂದ ಜೀಪಿಗೆ ಅಷ್ಟು ತೊಂದರೆ ಇಲ್ಲ ಮಾರಾಯ್ತಿ. ಕೈ ಸುಮ್ನೆ ತೊಡೆಯ ಮೇಲಿದ್ದಾಗಲೇ ಅದರ ಆಟ. ಕಾಫಿ ಹಣ್ಣು ಹಿಚುಕಿ ಬೀಜ ತೆಗೆದ ಹಾಗೆ ಎರಡು ಬೆರಳು, ಸೆಕೆಂಡಿಗೆ ನಾಲ್ಕೈದು ಸಲ. ಲೋಟ ಹಿಡಿದರೆ, ಸ್ಟೀರಿಂಗ್ ಹಿಡಿದರೆ ಕಡಿಮೆಯಾಗುತ್ತದೆ. 1817ರಲ್ಲಿ ಜೇಮ್ಸ್ ಪಾರ್ಕಿನ್‌ಸನ್ ಅನ್ನುವ ಲಂಡನ್ ಡಾಕ್ಟರು ಈ ಕಾಯಿಲೆಯ ಆರು ಜನರ ಬಗ್ಗೆ ಬರೆದರಂತೆ, ಕೆಲವರನ್ನು ಬೀದಿಯಲ್ಲೇ ನೋಡಿ. ಅದು ಓದಿದ ಮೇಲೆ ಆಲ್ದೂರು ಪೇಟೆಯಲ್ಲಿ ಕೈ ಜೇಬಿನಿಂದ ತೆಗೆಯುವುದಿಲ್ಲ ನಾನು.

ನಿನಗೆ ಹೇಳದೇ ಬಿಟ್ಟದ್ದು ಕಾಲಿನ ವಿಚಾರ. ಮೊನ್ನೆ ಕರು ಅಡ್ಡ ಬಂತು. ಬ್ರೇಕ್ ಅಂತ ತಲೆ ಹೇಳಿತು, ಕಾಲು ಆಮೇಲೆ ಹೋಯಿತು. ಕರುವಿಗೇನೂ ಆಗಲಿಲ್ಲ.

ಮುಚ್ಚಿಟ್ಟದ್ದಕ್ಕೇ ನಿನಗೆ ಕೋಪ. ಹಾಗಾದರೆ ಇದಕ್ಕಿಂತ ಹಳೆಯದೊಂದಿದೆ. ನೀನು ಡಿಗ್ರಿ ಮುಗಿಸಿ ಬಂದ ವರ್ಷ, ಕಾಫಿ ಹೂ ಬಿಡಿಸುವ ಹೂಮಳೆ ಬಿದ್ದು ಒಂಬತ್ತನೇ ದಿನ. ತೋಟ ಪೂರ್ತಿ ಬೆಳ್ಳಗೆ. ನೀನು ರೆಂಬೆ ಬಗ್ಗಿಸಿ ನನ್ನ ಮೂಗಿಗೆ ಹಿಡಿದು, "ಏನ್ ಘಮ ಅಲ್ವಾ ಅಪ್ಪ" ಅಂದೆ. "ಹೌದಮ್ಮ" ಅಂದೆ. ಏನೂ ಬರಲಿಲ್ಲ ಪುಟ್ಟಿ. ನೀರು ಮೂಸಿದ ಹಾಗೆ. ನೆಗಡಿ ಅಂದುಕೊಂಡೆ. ಸಂಜೆ ಒಬ್ಬನೇ ಹೋಗಿ ಮತ್ತೆ ಮೂಸಿದೆ. ಮಾರನೇ ದಿನವೂ. ಹೂ ಕಂದುಬಣ್ಣಕ್ಕೆ ತಿರುಗುವ ತನಕ ಮೂಸಿದೆ. ಗೇಟಿನಲ್ಲಿ ನಿಂತು, ಮೂಗಿನಲ್ಲೇ, ಹೂ ಬಿಟ್ಟಿತು ಅಂತ ಹೇಳುತ್ತಿದ್ದವನು ನಾನು. ನಡುಕ ಬಂದದ್ದು ಅದಾಗಿ ಮೂರು ವರ್ಷಕ್ಕೆ. ವಾಸನೆ ಮೊದಲೇ ಹೋಗುವುದುಂಟು ಅಂತ ಡಾಕ್ಟರು ಆಮೇಲೆ ಹೇಳಿದರು. ಅವತ್ತೇ ಹೇಳಿದ್ದರೂ ಕಾಯಿಲೆ ನಿಲ್ಲುತ್ತಿರಲಿಲ್ಲ, ನಿಲ್ಲಿಸುವ ಮದ್ದು ಇವತ್ತಿಗೂ ಬಂದಿಲ್ಲ. ಆದರೂ ಆ "ಹೌದಮ್ಮ"ವನ್ನು ಪ್ರತಿ ವರ್ಷ ಹೂವಾದಾಗಲೂ ಹೇಳುತ್ತಾ ಬಂದಿದ್ದೇನೆ. ನೀನು ಪ್ರತಿ ವರ್ಷ ನಂಬಿದೆ.

ಎಡಗೈಗೂ ಶುರುವಾಗಿದೆ. ಹತ್ತು ದಿನ ಆಯಿತು. ಭಾನುವಾರದ ಕೂಗಾಟ ಕೀಗಲ್ಲ, ಇದಕ್ಕೆ. ಒಂದು ಪಕ್ಕದಿಂದ ಇನ್ನೊಂದಕ್ಕೆ ಬರುವುದೇ ಇದರ ದಾರಿಯಂತೆ. ಎಷ್ಟು ಬೇಗ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ.

ಕೆಲಸ ಬಿಟ್ಟು ಬರುತ್ತೇನೆ ಅಂದೆಯಲ್ಲ, ಬೇಡ. ಮೂರು ತಿಂಗಳು ರಜೆ ಹಾಕಿ ಮುಗಿಸಲು ಇದೇನು ಬಾಣಂತನ ಅಲ್ಲ, ವರ್ಷಗಟ್ಟಲೆ ನಡೆಯುತ್ತದೆ. ನಿನ್ನ ಸಂಬಳ ನಿನ್ನ ಕೈಯಲ್ಲಿರಲಿ. ರಾತ್ರಿ ಹತ್ತರ ಮೇಲೆ ಉಣ್ಣಬೇಡ. ಕೊನೇ ಹಂತದವರ ವಿಡಿಯೋ ನೋಡುತ್ತಾ ಕೂರಬೇಡ. ಆಟೋದವನ ಹತ್ತಿರ ಜಗಳ... ಆಯಿತು, ಬಿಡು.

ಅವತ್ತು ಡಾಕ್ಟರ ಮುಂದೆ ಚೀಟಿ ಹಿಡಿದು ಒಂದೊಂದೇ ಕೇಳಿದೆಯಲ್ಲ. ಬೇಳೆ, ಮೊಟ್ಟೆ, ಮೊಸರಿನ ಪ್ರೋಟೀನು ನನ್ನ ಲೆವೊಡೋಪಾ ಮಾತ್ರೆಗೆ ಅಡ್ಡ ಬರುತ್ತದೆ ಅಂತ ಅಮ್ಮನಿಗೆ ಬಿಡಿಸಿ ಹೇಳಿದೆ. ಈಗ ಮಾತ್ರೆ ನುಂಗಿ ಅರ್ಧ ಗಂಟೆ ಆಗದೆ ಅವಳು ರೊಟ್ಟಿ ಮುಟ್ಟಲು ಬಿಡುವುದಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಏನೋ ಹೇಳಬೇಕು ಅಂತಿದ್ದೆ. ಮೆಣಸಿನ ರೇಟ್ ಮಾತಾಡಿದೆ.

ಕವರಿನಲ್ಲಿ ಜೀಪಿನ ಇನ್ನೊಂದು ಕೀ ಇದೆ. ಅಕ್ಕಿ ಡಬ್ಬದಲ್ಲಿತ್ತು, ನಿನಗೆ ಸಿಕ್ಕಿರಲಿಲ್ಲ. ಎಡಗೈ ವಿಚಾರ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಹೇಗೆ ಹೇಳುವುದು ಅಂತ ನಿನ್ನನ್ನೇ ಕೇಳಬೇಕು. ಫೋನ್ ತೆಗಿ.

ನಿನ್ನ
ಅಪ್ಪ