ಗಡಿಯಾರ ತಿರುಗಿದ್ದು ಅಚ್ಚಿನಲ್ಲಿ ಅಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಗಡಿಯಾರ ರಿಪೇರಿಯವರ ಚಿತ್ರ ತಿರುವುಮುರುವಾಗಿದೆ, ಪುಟ ಕಟ್ಟುವವರು ಕಣ್ಣುಮುಚ್ಚಿಕೊಂಡು ಕೆಲಸ ಮಾಡಿದ್ದಾರೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದಾರೆ. ಗೋಡೆಗಡಿಯಾರದ ಅಂಕಿಗಳು ಕನ್ನಡಿಯಲ್ಲಿ ಕಂಡಂತಿವೆ, ಅಂಗಿಯ ಜೇಬು ಬಲಕ್ಕೆ ಬಂದಿದೆ, ಕೈಗಡಿಯಾರವೂ ಬಲಗೈಗೆ ಹೋಗಿದೆ. ಅವರು ಕಂಡುಹಿಡಿದ ಮೂರೂ ನಿಜ. ಆದರೆ ಬೈಗುಳ ಮಾತ್ರ ತಪ್ಪು ವಿಳಾಸಕ್ಕೆ ಹೋಗಿದೆ. ಆ ಚಿತ್ರ ತೆಗೆದವನು ನಾನು. ಅಚ್ಚಿಗೆ ಹೋಗುವ ಮುನ್ನ ನಿಮ್ಮ ಕಚೇರಿಯವರು ಫೋನ್ ಮಾಡಿ, ‘ತಿರುಗಿಸಿ ಸರಿಮಾಡಲೇ?’ ಎಂದು ಕೇಳಿದ್ದರು. ಬೇಡ ಎಂದವನೂ ನಾನೇ. ಚಿತ್ರದ ಕೆಳಗೆ ಒಂದು ಸಾಲು ವಿವರಣೆ ಹಾಕಿ ಎಂದೂ ಕೇಳಿಕೊಂಡಿದ್ದೆ. ಅದಕ್ಕೆ ಜಾಗ ಸಿಗಲಿಲ್ಲವೆಂದು ಕಾಣುತ್ತದೆ. ಆದ್ದರಿಂದ ಈ ಪತ್ರ.

ಅದು 4×5 ಇಂಚಿನ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದ ಚಿತ್ರ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತಿದಿಯಂತೆ ಹಿಗ್ಗಿಸಿ, ತಲೆಗೆ ಕಪ್ಪು ಬಟ್ಟೆ ಹೊದ್ದು ನೋಡುವ ಪೆಟ್ಟಿಗೆ ಅದು. ಫಿಲ್ಮ್ ಹಾಳೆ ಕೂರಿಸುವ ಹೋಲ್ಡರಿನೊಳಗೆ ಫಿಲ್ಮ್ ಬದಲು ಡೈರೆಕ್ಟ್ ಪಾಸಿಟಿವ್ ಕಾಗದ ಇಟ್ಟಿದ್ದೆ. ಇದರಲ್ಲಿ ನೆಗೆಟಿವ್ ಎಂಬುದೇ ಇಲ್ಲ. ಬೆಳಕು ಬಿದ್ದ ಕಡೆ ಬಿಳಿ ಉಳಿಯುತ್ತದೆ, ಬೀಳದ ಕಡೆ ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಕಪ್ಪೇರುತ್ತದೆ. (ಸುತ್ತಲಿನ ಕಪ್ಪು ಅಂಚು ಅಲಂಕಾರವಲ್ಲ, ಹೋಲ್ಡರಿನ ಅಂಚು ಮುಚ್ಚಿದ್ದ ಜಾಗ.) ಕಾಗದ ಯಾವ ಮುಖದಿಂದ ಮಸೂರವನ್ನು ನೋಡಿತೋ, ನಾವೂ ಆ ಮುಖವನ್ನೇ ನೋಡಬೇಕು. ಫಿಲ್ಮ್ ಆಗಿದ್ದರೆ ಮಗುಚಿ ಆಚೆಯಿಂದ ನೋಡಬಹುದಿತ್ತು. ಕಾಗದವನ್ನು ಮಗುಚಿದರೆ ಸಿಗುವುದು ಬಿಳಿ ಬೆನ್ನು. ಹಾಗಾಗಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಮಸೂರದ ಮುಂದೆ ಪ್ರಿಸಂ ಇಟ್ಟು ನೇರ ಮಾಡಿಕೊಳ್ಳುವವರಿದ್ದಾರೆ. ನನ್ನ ಬಳಿ ಅದಿಲ್ಲ.

ಇದನ್ನು ನೋಡಿ ಮೋಸಹೋದವರಲ್ಲಿ ನಿಮ್ಮ ಓದುಗರು ಮೊದಲಿಗರೇನಲ್ಲ. ಅಮೆರಿಕದ ಬಂದೂಕುಗಾರ ಬಿಲ್ಲಿ ದಿ ಕಿಡ್ ತಗಡಿನ ಮೇಲೆ ತೆಗೆಸಿಕೊಂಡ, ಹೀಗೆಯೇ ತಿರುವುಮುರುವಾದ ಚಿತ್ರ ನೋಡಿ ಅವನು ಎಡಚನೆಂದೇ ಜನ ಬಹುಕಾಲ ನಂಬಿದ್ದರು. 1873ರ ಮಾದರಿಯ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಿಂಡಿ ಇರುವುದು ಬಲಗಡೆ; ಚಿತ್ರದಲ್ಲಿ ಅದು ಎಡಗಡೆ ಇದೆ. ಹೀಗೆ ಬಂದೂಕೇ ಸಾಕ್ಷಿ ಹೇಳಿತು. ಇನ್ನು, ‘ಕಂಪ್ಯೂಟರ್ ಬಂದ ಮೇಲೆ ಇಂಥ ಅಧ್ವಾನ ಹೆಚ್ಚಿದೆ’ ಎಂಬ ಆ ಓದುಗರ ಮಾತು. ನೆಗೆಟಿವ್ ಇಲ್ಲದೆ ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸುವುದನ್ನು ಫ್ರಾನ್ಸಿನ ಇಪ್ಪೊಲಿತ್ ಬಯಾರ್ 1839ರಲ್ಲೇ ಮಾಡಿ ತೋರಿಸಿದ್ದ. ಪಾಪ, ಕಂಪ್ಯೂಟರನ್ನು ಇದರಲ್ಲಿ ಎಳೆಯುವುದು ಬೇಡ.

ನಾನು ಬಳಸುವ ಕಾಗದದ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, ಐಎಸ್‌ಒ ಅಳತೆಯಲ್ಲಿ 3ರ ಸುಮಾರು; ಬಹಳ ನಿಧಾನ. ಕಿಟಕಿ ಬೆಳಕಿನಲ್ಲಿ, ಮಸೂರದ ಕಿಂಡಿಯನ್ನು ಎಫ್ 5.6ರ ಅಳತೆಗೆ ತೆರೆದು, 6 ಸೆಕೆಂಡ್ ಬೇಕಾಯಿತು. ಗಡಿಯಾರ ರಿಪೇರಿಯ ಆ ಹಿರಿಯರು ತಲೆಯನ್ನು ಗೋಡೆಗೆ ಆನಿಸಿ, ಉಸಿರು ಬಿಗಿಹಿಡಿದು ಕುಳಿತರು. ಅರ್ಧ ಸೆಕೆಂಡಿಗೊಂದರಂತೆ ತಲೆಯ ಮೇಲಿನ ಗಡಿಯಾರವೇ ಟಿಕ್ ಎನ್ನುತ್ತಿತ್ತು. 12 ಎಣಿಸಿ ಮಸೂರಕ್ಕೆ ಮುಚ್ಚಳ ಹಾಕಿದೆ. ಮೊದಲ ದಿನದ ಹಾಳೆಯಲ್ಲಿ ಹಣೆ ಸುಣ್ಣ, ಕಣ್ಣಗುಳಿ ಇದ್ದಿಲು. ಈ ಕಾಗದದ ಸ್ವಭಾವವೇ ಹಾಗೆ, ಕಪ್ಪು ಬಿಳುಪಿನ ನಡುವೆ ರಾಜಿಯಾಗುವುದಿಲ್ಲ. ಕಪ್ಪು ತುಸು ತಿಳಿಯಾಗಲೆಂದು ಮರುದಿನದ ಹಾಳೆಗೆ ಕತ್ತಲೆಕೋಣೆಯಲ್ಲೇ ಕ್ಷಣಕಾಲ ಮಂದ ಬೆಳಕು ಕುಡಿಸಿಕೊಂಡು ಹೋದೆ. ಆಗ ಕಣ್ಣಗುಳಿಯೊಳಗಿನಿಂದ ಕಣ್ಣು ಎದ್ದುಬಂತು, ಕನ್ನಡಕದ ಕಟ್ಟಿಗೆ ಸುತ್ತಿದ ದಾರವೂ ಕಂಡಿತು. ನೀವು ಅಚ್ಚುಹಾಕಿದ್ದು ಆ ಹಾಳೆಯನ್ನು. ಅದಕ್ಕೆ ಎರಡನೆಯ ಪ್ರತಿ ಇಲ್ಲ. ತಿರುಗಿಸಿ ಅಚ್ಚುಹಾಕಿದ್ದರೆ ನಾನು ತೆಗೆಯದ ಚಿತ್ರವೊಂದು ನನ್ನ ಹೆಸರಿನಲ್ಲಿ ಬರುತ್ತಿತ್ತು.

ಹಾಳೆ ಒಣಗಿದ ಮೇಲೆ ಅವರಿಗೇ ಕೊಂಡುಹೋಗಿ ತೋರಿಸಿದೆ. ಅವಸರದಲ್ಲಿ ನೋಡಿದವರು 1 ಗಂಟೆ 40 ನಿಮಿಷ ಎನ್ನುವ ಗಡಿಯಾರವನ್ನು ಅವರು ತಡವರಿಸದೆ 10 ಗಂಟೆ 20 ಎಂದು ಓದಿದರು. ಎಡಬಲದ ಬಗ್ಗೆ ಒಂದು ಮಾತೂ ಇಲ್ಲ. ಅವರ ತಕರಾರೇ ಬೇರೆ. 6 ಸೆಕೆಂಡ್ ಆಡುತ್ತಲೇ ಇದ್ದ ಲೋಲಕ ಹಾಳೆಯ ಮೇಲೆ ನಿಂತಿಲ್ಲ. ಅದು ತಿರುಗಿಬರುವ ಎರಡು ತುದಿಗಳಲ್ಲಿ ಮಸುಕಾದ ಎರಡು ಕಲೆಗಳಿವೆ, ಅಷ್ಟೇ. ತಮ್ಮ ಗಡಿಯಾರ ಕೆಟ್ಟು ಕೂತಿದೆ, ಲೋಲಕವನ್ನೇ ಬಿಚ್ಚಿಟ್ಟಿದ್ದಾರೆ ಎಂದು ನೋಡಿದವರು ತಿಳಿಯುತ್ತಾರೆಂಬುದು ಅವರ ಸಂಕಟ. ದಯವಿಟ್ಟು ಇದನ್ನಾದರೂ ಪ್ರಕಟಿಸಿ: ಗಡಿಯಾರ ನಡೆಯುತ್ತಿತ್ತು.

– ಆ ಚಿತ್ರ ತೆಗೆದವನು