ಪುಟ್ಟಿ, ಆ ಕೆಮ್ಮು ಇನ್ನೂ ಹೋಗಿಲ್ಲ ಅಲ್ವಾ?

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಹನ್ನೊಂದು ಸಲ ಕೆಮ್ಮಿದೆ. ನಾನು ಎಣಿಸಿದೆ. ಮಧ್ಯೆ ಎರಡು ಸಲ ಮ್ಯೂಟ್ ಬೇರೆ ಮಾಡಿದೆ, ಅಮ್ಮನಿಗೆ ಗೊತ್ತಾಗಲ್ಲ ಅಂತ. ಕೇಳಿದರೆ ‘ವೈರಲ್ ಅಮ್ಮ, ಪಿಜಿಯಲ್ಲಿ ಎಲ್ಲರಿಗೂ ಇದೆ’ ಅನ್ನುತ್ತೀಯ. ಮೂರು ವಾರದಿಂದ ಅದೇ ಮಾತು. ಎಲ್ಲರಿಗೂ ಬಂದದ್ದು ಎಲ್ಲರಿಗೂ ಹೋಯಿತು, ನಿನಗೆ ಯಾಕೆ ಹೋಗಿಲ್ಲ?

ವೈರಲ್ ಆಗಿರಲಿಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. ಫ್ಲೂ ಬಂದು ಹೋದ ಮೇಲೆ ಒಣಕೆಮ್ಮು ಮೂರರಿಂದ ಎಂಟು ವಾರ ಎಳೆಯುವುದು ಇದ್ದದ್ದೇ. ಆದರೆ ಅಷ್ಟರಲ್ಲಿ ಜ್ವರ ಇಳಿದಿರುತ್ತದೆ. ಕೆಮ್ಮೊಂದೇ ಆದರೆ ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುವ ಸಿಂಬಳ ಇರಬಹುದು, ಉಬ್ಬಸ ಇರಬಹುದು, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಹಾಗೇ ಮಲಗಿದರೆ ಗಂಟಲಿಗೆ ಬರುವ ಹುಳಿಯೂ ಇರಬಹುದು. ಇದ್ಯಾವುದಕ್ಕೂ ಮೈ ಬಿಸಿಯಾಗುವುದಿಲ್ಲ. ನಿನಗೆ ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ ಅಂತ ನೀನೇ ಬಾಯಿತಪ್ಪಿ ಹೇಳಿದೆ. ನನ್ನ ತಲೆಬಿಸಿ ಇರುವುದು ಅಲ್ಲೇ.

ಕೆಮ್ಮು, ಜ್ವರ ಎರಡೂ ಸೇರಿ ವಾರಗಟ್ಟಲೆ ಕೂತರೆ ನ್ಯುಮೋನಿಯಾ ನೋಡಬೇಕು. ನ್ಯುಮೋನಿಯಾ ಅಂದರೆ ಹಾಸಿಗೆ ಹಿಡಿದೇ ಇರಬೇಕು ಅಂತಿಲ್ಲ, ನಿನ್ನ ವಯಸ್ಸಿನವರಿಗೆ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಒಂದು ಥರದ್ದು ಇದೆ, ಆಫೀಸಿಗೆ ಹೋಗುತ್ತಾ ಬರುತ್ತಾ ಇರುವವರಿಗೂ ಅದು ಇರುತ್ತದೆ. ಇನ್ನು ನಿನ್ನ ಬಾಲ್ಕನಿ ತುಂಬಾ ಪಾರಿವಾಳ! ಅವುಗಳ ಹಿಕ್ಕೆ ಒಣಗಿ ಧೂಳಾಗಿ ಎದೆಗೆ ಹೋದರೆ ಕೆಲವರಿಗೆ ಶ್ವಾಸಕೋಶವೇ ಮುನಿಸಿಕೊಂಡು ಕೆಮ್ಮು, ಜ್ವರ, ಏದುಸಿರು ಬರುತ್ತದೆ. ಡಾಕ್ಟರ್ ಕೇಳದಿದ್ದರೂ ಪಾರಿವಾಳದ ವಿಷಯ ಹೇಳು.

ಆಮೇಲೆ ಟಿಬಿ. ಆ ಹೆಸರು ಕೇಳಿದ ಕೂಡಲೇ ಫೋನ್ ಕೆಳಗಿಡಬೇಡ, ಪೂರ್ತಿ ಓದು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಅಂತ ಸರ್ಕಾರವೇ ಹೇಳುತ್ತದೆ. ನಿನ್ನ ಲೆಕ್ಕ ಆಗಲೇ ದಾಟಿದೆ. ತೋಳಿನ ಮೇಲೆ ಬಿಸಿಜಿ ಗುರುತು ಇದೆಯಲ್ಲಾ ಅನ್ನಬೇಡ, ಆ ಚುಚ್ಚುಮದ್ದು ಮಕ್ಕಳಿಗೆ ಜೋರಾಗಿ ಬರುವ ಟಿಬಿಯನ್ನು ತಡೆಯುತ್ತದೆ, ದೊಡ್ಡವರಾದ ಮೇಲೆ ಅದನ್ನು ನಂಬಿ ಕೂರುವ ಹಾಗಿಲ್ಲ. ಮೂರು ಜನ ಇರುವ ರೂಮು, ಸದಾ ಮುಚ್ಚಿದ ಕಿಟಕಿ, ಎಸಿ ಆಫೀಸು. ಗಾಳಿಯಲ್ಲಿ ಬರುವ ಕಾಯಿಲೆಗೆ ಇಷ್ಟು ಸಾಕು.

ನಿನಗೆ ಇದುವರೆಗೆ ಹೇಳದ ಒಂದು ವಿಷಯ ಇದೆ. ನನಗೆ ಟಿಬಿ ಬಂದಿತ್ತು. ಬಿಎಡ್ ಓದುತ್ತಿದ್ದೆ, ದಾವಣಗೆರೆಯ ಹಾಸ್ಟೆಲ್, ನಿನ್ನದೇ ವಯಸ್ಸು. ಎರಡು ತಿಂಗಳು ಒಬ್ಬ ಡಾಕ್ಟರು ಬರೀ ಕೆಮ್ಮಿನ ಸಿರಪ್ ಬರೆದುಕೊಟ್ಟರು, ಬಾಟಲಿ ಮೇಲೆ ಬಾಟಲಿ. ರಾತ್ರಿ ಬೆವೆತು ದಿಂಬು ಒದ್ದೆಯಾಗುತ್ತಿತ್ತು, ರವಿಕೆಗಳೆಲ್ಲ ದೊಗಳೆ ಆದವು. ಕೊನೆಗೆ ಎಕ್ಸ್‌ರೇ, ಕಫ ಎರಡೂ ಮಾಡಿಸಿದಾಗ ಗೊತ್ತಾಯಿತು. ಮನೆಗೆ ಬಂದೆ. ಅಜ್ಜಿ ಮಾತ್ರೆಗಳನ್ನು ಅಡುಗೆಮನೆಯ ಅಟ್ಟದಲ್ಲಿ ಹಳೆ ಡಬ್ಬದೊಳಗೆ ಬಚ್ಚಿಟ್ಟರು, ಪಕ್ಕದ ಮನೆಯವರಿಗೆ ‘ಅವಳಿಗೆ ರಕ್ತ ಕಮ್ಮಿ’ ಅಂದರು. ಮದುವೆ ಆಗಬೇಕಾದ ಹುಡುಗಿ ನೋಡು! ಮೊದಲ ದಿನ ಮಾತ್ರೆ ನುಂಗಿದ ಮೇಲೆ ಮೂತ್ರ ಕೆಂಪಗೆ ಹೋಯಿತು, ರಕ್ತ ಅಂತ ಬಚ್ಚಲಲ್ಲೇ ಕೂತು ಅತ್ತೆ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ ಅಂತ ಯಾರೂ ಹೇಳಿರಲಿಲ್ಲ. ಗುಟ್ಟು ಮಾಡುವ ಮನೆಯಲ್ಲಿ ಯಾರನ್ನು ಕೇಳುವುದು?

ನಿನ್ನಪ್ಪ ನೋಡಲು ಬಂದ ದಿನವೇ ನಾನು ಹೇಳಿಬಿಟ್ಟೆ. ಅವರು ಕೇಳಿದ್ದು ಒಂದೇ ಮಾತು: ‘ಮಾತ್ರೆ ಪೂರ್ತಿ ಮಾಡಿದ್ರಾ?’ ಮಾಡಿದ್ದೆ.

ನನಗೆ ಬಂದಿತ್ತು ಅಂತ ನಿನಗೆ ಬರಬೇಕಿಲ್ಲ, ಇದು ರಕ್ತದಲ್ಲಿ ಇಳಿಯುವ ಕಾಯಿಲೆ ಅಲ್ಲ. ನೀನು ಹುಟ್ಟುವ ಎಷ್ಟೋ ವರ್ಷ ಮೊದಲೇ ನನಗೆ ವಾಸಿಯಾಗಿತ್ತು. ಈಗಂತೂ ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಒಂದು ತಪ್ಪು ಮಾತ್ರ ಮಾಡಬೇಡ. ಮೆಡಿಕಲ್ ಶಾಪಿನವನನ್ನು ಕೇಳಿ ಇನ್ನೊಂದು ಆಂಟಿಬಯೋಟಿಕ್ ನುಂಗಬೇಡ. ಹೋದ ವಾರ ಮೂರು ದಿನದ್ದು ತಗೊಂಡೆ ಅಂದೆಯಲ್ಲ, ಅದರ ಸ್ಟ್ರಿಪ್ ಎಸೆಯದೆ ಡಾಕ್ಟರಿಗೆ ತೋರಿಸು. ಲೆವೋಫ್ಲಾಕ್ಸಾಸಿನ್ ಥರದವು ಟಿಬಿ ಇದ್ದರೆ ಅದನ್ನು ಅರೆಬರೆ ಅಡಗಿಸಿಬಿಡುತ್ತವೆ, ನಾಲ್ಕು ದಿನ ಹಗುರ ಅನ್ನಿಸುತ್ತದೆ, ಕಾಯಿಲೆ ಪತ್ತೆಯಾಗುವುದು ತಡವಾಗುತ್ತದೆ. ಅಜ್ಜಿಯ ಮೆಣಸಿನ ಕಷಾಯ ಕುಡಿ, ಗಂಟಲಿಗೆ ಹಿತ. ಅದನ್ನೇ ಮದ್ದು ಅಂದುಕೊಳ್ಳಬೇಡ.

ಕಫ ಕೊಡುವುದಕ್ಕೂ ಒಂದು ಕ್ರಮ ಇದೆ. ಎರಡು ಡಬ್ಬಿ ಕೊಡುತ್ತಾರೆ, ಒಂದು ಅಲ್ಲೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ. ಬಾಯಿ ಮುಕ್ಕಳಿಸಿ, ಟೆರೇಸಿಗೆ ಹೋಗಿ, ಎರಡು ಮೂರು ಸಲ ಆಳವಾಗಿ ಉಸಿರು ಎಳೆದು ಎದೆಯಿಂದ ಕೆಮ್ಮಿ ತೆಗೆ. ನಾನು ಮೊದಲ ಸಲ ನಾಚಿಕೊಂಡು ಬರೀ ಎಂಜಲು ಉಗಿದು ಕೊಟ್ಟಿದ್ದೆ, ರಿಪೋರ್ಟು ಚೆನ್ನಾಗೇ ಬಂತು, ಒಂದು ತಿಂಗಳು ಹಾಳಾಯಿತು. ಈಗ ಸಿಬಿನಾಟ್, ಟ್ರೂನಾಟ್ ಅಂತ ಯಂತ್ರಗಳಿವೆ, ಕೆಲವೇ ಗಂಟೆಯಲ್ಲಿ ಟಿಬಿ ಇದೆಯೋ ಇಲ್ಲವೋ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೋ ಇಲ್ಲವೋ ಎರಡೂ ಹೇಳುತ್ತವೆ. ಎದೆಯ ಎಕ್ಸ್‌ರೇಯನ್ನೂ ಮಾಡಿಸು.

ಅಲ್ಲಿಯವರೆಗೆ ಮಾಸ್ಕ್ ಹಾಕು, ರೂಮಿನ ಕಿಟಕಿ ತೆಗೆ. ಸಂಜೆ ಜ್ವರದ ಮಾತ್ರೆ ನುಂಗುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ ಬರೆದಿಡು. ಕಫದಲ್ಲಿ ರಕ್ತ ಕಂಡರೆ, ಉಸಿರಾಡುವಾಗ ಎದೆ ಚುಚ್ಚಿದರೆ, ಒಂದು ಮಹಡಿ ಹತ್ತಿದರೆ ಏದುಸಿರು ಬಂದರೆ ನಾನು ಬರುವ ಶನಿವಾರದವರೆಗೆ ಕಾಯಬೇಡ, ಅವತ್ತೇ ಆಸ್ಪತ್ರೆಗೆ ಹೋಗು, ಆಟೋದಿಂದಲೇ ನನಗೆ ಫೋನ್ ಮಾಡು.

ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಬರಬೇಡ ಅಂತ ಮೆಸೇಜ್ ಹಾಕಿ ಪ್ರಯೋಜನ ಇಲ್ಲ. ಬೆಳಿಗ್ಗೆ ಏನೂ ತಿನ್ನದೆ ಕಾದಿರು, ಕಫ ಕೊಟ್ಟ ಮೇಲೆ ಇಬ್ಬರೂ ಹೋಗಿ ದೋಸೆ ತಿನ್ನೋಣ.

ಅಮ್ಮ