ಗರಗಸ ಹಿಡಿದಿದ್ದ ಕವಿ

ಬೀದರ್

ಪ್ರೀತಿಯ ತಂಗಿಗೆ,

ನಿನ್ನ ಲೇಖನ ತಲುಪಿತು. ‘ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್’ ಕೀರ್ತನೆಯ ಕತೆಯನ್ನು ನಮ್ಮ ಭಾಗದ ಓದುಗರಿಗೆ ಹೇಳಲು ನೀನು ಹೊರಟಿರುವುದು ನನಗೆ ತುಂಬಾ ಸಂತೋಷ ತಂದಿದೆ. ಮಂಗಲಪೇಟೆಯ ಚರ್ಚಿನಲ್ಲಾಗಲಿ, ಹಳ್ಳಿಗಳ ಪ್ರಾರ್ಥನಾ ಕೂಟಗಳಲ್ಲಾಗಲಿ, ಸಾವಾದ ಮನೆಯ ಅಂಗಳದಲ್ಲಾಗಲಿ ಈ ರಾಗವನ್ನು ಒಮ್ಮೆಯೂ ಕೇಳದವರು ನಮ್ಮ ಸಭೆಗಳಲ್ಲಿ ಸಿಗುವುದು ಕಷ್ಟ. ಬರೆದವರು ಯಾರೆಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಆದ್ದರಿಂದ ಈ ಲೇಖನ ಬರಲೇಬೇಕು. ಆದರೆ ಈಗಿರುವ ರೂಪದಲ್ಲಿ ಬೇಡ.

ನೀನು ಬರೆದಿರುವುದು ಹೀಗೆ: ಜೋಸೆಫ್ ಸ್ಕ್ರಿವೆನ್ ಎಂಬ ಐರ್ಲೆಂಡಿನ ತರುಣ, ಮದುವೆಯ ಹಿಂದಿನ ದಿನ ನೀರುಪಾಲಾದ ವಧು, ನೋವು ಮರೆಯಲು ಕೆನಡಾಕ್ಕೆ ಪಯಣ, ಅಲ್ಲಿ ಮತ್ತೊಬ್ಬಳ ಜೊತೆ ನಿಶ್ಚಯವಾದ ಮದುವೆ, ಅವಳ ಸಾವು, ಆ ಸಂಕಟದಲ್ಲಿ ಉಕ್ಕಿ ಬಂದ ಹಾಡು. ಓದುವವರ ಕಣ್ಣು ತುಂಬುತ್ತದೆ, ನಿಜ. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡು. ಪದ್ಯ ಬರೆದದ್ದು 1855ರ ಸುಮಾರಿಗೆ. ಕೆನಡಾದಲ್ಲಿ ಮದುವೆ ನಿಶ್ಚಯವಾಗಿದ್ದ ಎಲೈಜಾ ರೋಚ್ ತೀರಿಕೊಂಡದ್ದು 1860ರಲ್ಲಿ. ಆಮೇಲೆ ಬಂದ ಸಾವು ಮೊದಲೇ ಬರೆದ ಹಾಡಿಗೆ ಕಾರಣವಾಗುವುದು ಹೇಗೆ? ಈ ಕತೆಯನ್ನು ಹೇಳುವವರು ಬಹಳಷ್ಟು ಮಂದಿ ಹೀಗೇ ಹೇಳುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಂಡಿದ್ದಾರೆ, ಅಷ್ಟೇ.

ಪದ್ಯ ಹುಟ್ಟಿದ್ದು ಸ್ಕ್ರಿವೆನ್ನರ ಸ್ವಂತ ದುಃಖಕ್ಕೆ ಅಲ್ಲ. ಐರ್ಲೆಂಡಿನಲ್ಲಿದ್ದ ತಾಯಿ ಕಷ್ಟದಲ್ಲಿದ್ದರು. ಮಗ ಅಟ್ಲಾಂಟಿಕ್ ಸಾಗರದ ಆಚೆ, ಕೆನಡಾದ ಒಂಟಾರಿಯೋ ಪ್ರಾಂತ್ಯದ ರೈಸ್ ಸರೋವರದ ಸೀಮೆಯಲ್ಲಿದ್ದರು. ಹೋಗಿ ಕೈ ಹಿಡಿದು ಕೂರಲು ಆಗದಾಗ ಅವರು ಮೂರು ಚರಣಗಳನ್ನು ಬರೆದು ತಾಯಿಗೆ ಕಳಿಸಿದರು. ಬೇರೆ ಯಾರೂ ಓದಲೆಂದು ಬರೆದದ್ದೇ ಅಲ್ಲ. ಎಷ್ಟೋ ವರ್ಷಗಳ ನಂತರ, ಅವರು ಕಾಯಿಲೆ ಬಿದ್ದಾಗ ನೋಡಲು ಬಂದ ನೆರೆಯವರೊಬ್ಬರ ಕೈಗೆ ಆ ಹಾಳೆ ಸಿಕ್ಕಿತಂತೆ. ಇದನ್ನು ಬರೆದವರು ನೀವೇನಾ ಎಂದು ಕೇಳಿದ್ದಕ್ಕೆ, ದೇವರೂ ನಾನೂ ಸೇರಿ ಬರೆದೆವು ಎಂದರಂತೆ. ಅಮೆರಿಕದ ಸುವಾರ್ತಾ ಗಾಯಕ ಐರಾ ಸ್ಯಾಂಕಿ ಈ ಪ್ರಸಂಗವನ್ನು ದಾಖಲಿಸಿದ್ದಾರೆ.

ಹಾಡನ್ನು ಇನ್ನೊಮ್ಮೆ ಓದು. ಅದರಲ್ಲಿ ಸರೋವರವಿಲ್ಲ, ವಧುವಿಲ್ಲ, ಐರ್ಲೆಂಡ್ ಇಲ್ಲ. ‘ನಾನು’ ಎಂಬುದೂ ಇಲ್ಲ. ನಮ್ಮ ಭಾರ, ನಮ್ಮ ಬಲಹೀನತೆ, ಕೈಬಿಟ್ಟ ನಿನ್ನ ಸ್ನೇಹಿತರು ಎಂದೇ ಮಾತು. ತಮ್ಮ ಬಾಳನ್ನು ಅವರು ಇಷ್ಟು ಎಚ್ಚರದಿಂದ ಹೊರಗಿಟ್ಟಿದ್ದಾರೆ. ಅದನ್ನೆಲ್ಲ ನೀನು ಮತ್ತೆ ಒಳಗೆ ತುರುಕಿ, ಸಾಲುಸಾಲಿಗೂ ಒಂದೊಂದು ಸಾವನ್ನು ಹೊಂದಿಸಿದ್ದೀಯ. ತಾಯಿಗೆ ಬರೆದದ್ದಾದ್ದರಿಂದಲೇ ಅದು ಎಲ್ಲರ ತಾಯಂದಿರಿಗೂ ಒಪ್ಪಿತು ಎಂದು ನನಗೆ ಅನಿಸುತ್ತದೆ.

ಸ್ಕ್ರಿವೆನ್ ಹುಟ್ಟಿದ್ದು 1819ರಲ್ಲಿ, ಓದಿದ್ದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ. ಅದಕ್ಕೂ ಮುಂಚೆ ಹಿಂದೂಸ್ಥಾನದ ಸೈನ್ಯಕ್ಕೆ ಸೇರಲೆಂದು ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕಂಬ್ ಶಾಲೆಯಲ್ಲಿ ಇದ್ದು, ಆರೋಗ್ಯ ಕೈಕೊಟ್ಟು ಬಿಟ್ಟವರು. ಇವು ಒಂದೆರಡು ವಾಕ್ಯಕ್ಕೆ ಸಾಕು. ನೀನು ನಿಂತು ನೋಡಬೇಕಾದದ್ದು ಬೇರೆ ಇದೆ.

ಒಂಟಾರಿಯೋದ ಪೋರ್ಟ್ ಹೋಪ್ ಊರಿನ ಬೀದಿಯಲ್ಲಿ ಅವರು ಸೌದೆ ಸೀಳುವ ಗರಗಸ ಹಿಡಿದು ನಡೆಯುತ್ತಿದ್ದರು. ಅಲ್ಲಿನ ಚಳಿಗಾಲ ನಮ್ಮ ಬೀದರಿನ ಡಿಸೆಂಬರಿನಂಥದಲ್ಲ. ಒಲೆಗೆ ಸೌದೆ ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಕೊಯ್ಯಲು ಶಕ್ತಿಯಿಲ್ಲದ, ಕೂಲಿ ಕೊಡಲು ಗತಿಯಿಲ್ಲದ ವಿಧವೆಯರ, ರೋಗಿಗಳ ಮನೆ ಹುಡುಕಿಕೊಂಡು ಹೋಗಿ ಸೌದೆ ಕೊಯ್ದು ಕೊಡುತ್ತಿದ್ದರು. ಒಬ್ಬ ಅನುಕೂಲಸ್ಥ ಇವರ ಕೆಲಸ ಕಂಡು, ಈ ಮನುಷ್ಯನನ್ನು ಗೊತ್ತುಮಾಡಿಕೊಳ್ಳುತ್ತೇನೆ ಎಂದನಂತೆ. ಪಕ್ಕದಲ್ಲಿದ್ದವರು, ಆತ ನಿಮಗೆ ಸಿಗುವುದಿಲ್ಲ, ದುಡ್ಡು ಕೊಡಲಾರದವರಿಗೆ ಮಾತ್ರ ಆತ ಕೊಯ್ಯುತ್ತಾನೆ ಎಂದರಂತೆ. ಈ ಪ್ರಸಂಗಕ್ಕೆ ನೀನು ಒಂದೇ ಒಂದು ವಾಕ್ಯ ಕೊಟ್ಟಿದ್ದೀಯ. ವಧುವಿನ ಸಾವಿಗೆ ಎರಡು ಪುಟ. ಈ ಲೆಕ್ಕ ತಿರುಗಬೇಕು.

ನಮ್ಮವರಿಗೆ ಇದನ್ನು ಅರ್ಥ ಮಾಡಿಸಲು ಕಷ್ಟಪಡಬೇಕಾಗಿಲ್ಲ. ಕಲ್ಯಾಣದಲ್ಲಿ ಸೌದೆ ಹೊತ್ತು ಮಾರಿ ದಾಸೋಹ ನಡೆಸಿದ ಮೋಳಿಗೆಯ ಮಾರಯ್ಯನ ಸೀಮೆ ಇದು. ಕಾಶ್ಮೀರದ ಅರಸುತನ ಬಿಟ್ಟು ಬಂದವರು ಎಂದು ಪರಂಪರೆ ಹೇಳುವ ಆ ಶರಣರ ಹೆಸರನ್ನು ಒಮ್ಮೆ ಎತ್ತಿದರೆ ಸಾಕು, ಬಸವಕಲ್ಯಾಣದ ಓದುಗ ಸ್ಕ್ರಿವೆನ್ನರನ್ನು ತನ್ನವರೆಂದೇ ಓದುತ್ತಾನೆ. ಆದರೆ ಇಬ್ಬರೂ ಒಂದೇ ಎಂದು ಎಳೆದಾಡಬೇಡ. ಒಬ್ಬರದು ಕಾಯಕ, ದುಡಿದ ಹಣ ದಾಸೋಹಕ್ಕೆ. ಇನ್ನೊಬ್ಬರು ಕೂಲಿಯನ್ನೇ ಮುಟ್ಟಲಿಲ್ಲ.

ಹಾಡು ಊರೂರಿಗೆ ಹೋದ ಬಗೆಯನ್ನು ಚುರುಕಾಗಿ ಹೇಳು. 1865ರಲ್ಲಿ ಕರ್ತೃವಿನ ಹೆಸರಿಲ್ಲದೆ ಅಚ್ಚಾಯಿತು. 1868ರಲ್ಲಿ ಚಾರ್ಲ್ಸ್ ಕಾನ್ವರ್ಸ್ ಎಂಬ ವಕೀಲರು ಇಂದಿಗೂ ನಾವು ಹಾಡುವ ರಾಗ ಕೂಡಿಸಿದರು. 1875ರಲ್ಲಿ ಸ್ಯಾಂಕಿ ಮತ್ತು ಅವರ ಜೊತೆಗಾರ ಬ್ಲಿಸ್ ತಮ್ಮ ಕೀರ್ತನೆಗಳ ಸಂಗ್ರಹಕ್ಕೆ ಕೊನೆಯ ಗಳಿಗೆಯಲ್ಲಿ ಸೇರಿಸಿಕೊಂಡರು. ಬಹುಕಾಲ ಜನ ಇದನ್ನು ಸ್ಕಾಟ್ಲೆಂಡಿನ ಕೀರ್ತನೆಕಾರ ಹೊರೇಷಿಯಸ್ ಬೋನಾರ್ ಬರೆದದ್ದೆಂದೇ ನಂಬಿದ್ದರು. 1869ರಲ್ಲಿ ಸ್ಕ್ರಿವೆನ್ ತಮ್ಮ ಕೀರ್ತನೆಗಳ ಪುಸ್ತಕವೊಂದನ್ನು ಹೊರತಂದಾಗಲೂ ಅದರಲ್ಲಿ ಈ ಪದ್ಯವನ್ನು ಸೇರಿಸಲಿಲ್ಲ. ಇದೊಂದನ್ನು ಮಾತ್ರ ತಪ್ಪದೆ ಬರೆ.

ಕೊನೆಗೆ ‘ನೀರೇ ಅವರನ್ನು ಕರೆಯಿತು’ ಎಂದು ಬರೆದಿದ್ದೀಯ. ದಯವಿಟ್ಟು ಹೊಡೆದುಹಾಕು. ಕಾಯಿಲೆಯಿಂದ ನರಳುತ್ತಿದ್ದ ವೃದ್ಧರು 1886ರ ಆಗಸ್ಟ್ 10ರಂದು ರೈಸ್ ಸರೋವರದ ಬಳಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅದನ್ನು ಕಣ್ಣಾರೆ ಕಂಡವರಿಲ್ಲ. ಎಲೈಜಾಳ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು. ಇಷ್ಟನ್ನು ಇಷ್ಟೇ ಮಾತಿನಲ್ಲಿ ಹೇಳು. ಒಬ್ಬ ಮನುಷ್ಯನ ಮರಣವನ್ನು ಅಲಂಕಾರಕ್ಕೆ ಬಳಸುವುದು ನನಗೆ ಸಹಿಸಲಾಗದ ಸಂಗತಿ.

ಇನ್ನೊಂದು ಕೆಲಸ. ಇದನ್ನು ನಮ್ಮ ಜನರ ಬಾಯಿಗೆ ತಂದವರೂ ಇದ್ದಾರಲ್ಲ? ನಿಮ್ಮ ಸಭೆಯ ಹಳೆಯ ಕೀರ್ತನೆ ಪುಸ್ತಕಗಳಲ್ಲಿ ಅನುವಾದಕರ ಹೆಸರು ಹುಡುಕು. ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯ ಹಿರಿಯ ಉಪದೇಶಿಗಳ ಬಳಿ ಕೂತು, ಈ ಹಾಡನ್ನು ಯಾರಿಂದ ಕಲಿತಿರಿ, ಯಾವ ಮನೆಯಲ್ಲಿ ಎತ್ತುತ್ತೀರಿ ಎಂದು ಕೇಳು. ಕನ್ನಡದಲ್ಲೋ, ಮರಾಠಿಯಲ್ಲೋ, ತೆಲುಗಿನಲ್ಲೋ, ಅವರು ಹಾಡಿದ್ದನ್ನು ಹಾಡಿದ ಹಾಗೆಯೇ ಬರೆದುಕೋ. ಮೊಬೈಲಿನಲ್ಲಿ ಧ್ವನಿ ಹಿಡಿಯುವ ಮುಂಚೆ ಅನುಮತಿ ಕೇಳು. ಅದು ಸೇರಿದ ಮೇಲೆ ಲೇಖನ ಕಳಿಸು; ಸಾಲುಗಳ ನಡುವೆ ಜಾಗ ಬಿಟ್ಟಿರಲಿ, ನಾನು ಪೆನ್ಸಿಲ್ ಹಿಡಿದೇ ಓದುವವನು.

ಇಂತಿ,
ನಿನ್ನ ಅಣ್ಣ